ನಲವತ್ತರ ಹೊಸ್ತಿಲಲ್ಲಿ ಜಪಾನಿನ ಇಂಗ್ಲಿಷ್ ಮೇಷ್ಟ್ರು

ಜಪಾನ್ ಸರ್ಕಾರದ ಜೆಟ್ ಯೋಜನೆಗೆ 2027ರಲ್ಲಿ ನಲವತ್ತು ತುಂಬುತ್ತದೆ. 1987ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ 848 ಮಂದಿ ಪದವೀಧರರು ಈ ಯೋಜನೆಯಡಿ ಜಪಾನಿಗೆ ಹೋದರು. ಕೆಲವರು ಸ್ಥಳೀಯ ಆಡಳಿತದ ಕಚೇರಿಗಳಿಗೆ, ಬಹುಪಾಲು ಮಂದಿ ಇಂಗ್ಲಿಷ್ ತರಗತಿಗಳಿಗೆ. 2002ರ ಹೊತ್ತಿಗೆ ಒಂದೇ ವರ್ಷದಲ್ಲಿ ಕೆಲಸದಲ್ಲಿದ್ದವರ ಸಂಖ್ಯೆ ಆರು ಸಾವಿರ ಮೀರಿತ್ತು. ಇಲ್ಲಿಯವರೆಗೆ ಹೋಗಿಬಂದವರು 70 ಸಾವಿರಕ್ಕೂ ಹೆಚ್ಚು. ಯೋಜನೆಯ ಹೊರಗೆ, ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಖಾಸಗಿ ಸಂಭಾಷಣಾ ಶಾಲೆಗಳಲ್ಲಿ ಕೆಲಸ ಹುಡುಕಿಕೊಂಡವರು ಬೇರೆ.

ಇಷ್ಟು ದೀರ್ಘಕಾಲ, ಇಷ್ಟು ದುಡ್ಡು ಸುರಿದು, ಒಂದು ದೇಶ ಹೊರಗಿನವರನ್ನು ತನ್ನ ಶಾಲೆಗಳೊಳಗೆ ಕರೆತಂದ ಉದಾಹರಣೆ ಏಷ್ಯಾದಲ್ಲಿ ಅಪರೂಪ. ಆ ಪ್ರಯತ್ನದ ದೊಡ್ಡತನವನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬೇಕಿದೆ. ನಲವತ್ತು ವರ್ಷದಲ್ಲಿ ಜಪಾನ್ ಇಂಗ್ಲಿಷ್ ಆಡುವವರನ್ನು ಧಾರಾಳವಾಗಿ ಕರೆಸಿಕೊಂಡಿತು, ಅವರನ್ನು ಮೇಷ್ಟ್ರುಗಳಾಗಿ ಬೆಳೆಯಲು ಮಾತ್ರ ಬಿಡಲಿಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರಿನ ಹುಡುಗ ಹುಡುಗಿಯರೂ ಈ ಕೆಲಸದತ್ತ ಕಣ್ಣು ಹಾಯಿಸುತ್ತಿರುವುದರಿಂದ ಹಿಂದಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಅಗತ್ಯ.

ಜಪಾನಿನಲ್ಲಿ ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರಲ್ಲಿ ಆ ಭಾಷೆಯ ಪಾಠ ಹೇಳಿದ ಮೊದಲಿಗ ಎಂದು ಹೆಸರಾದವರು ರನಾಲ್ಡ್ ಮೆಕ್‌ಡೊನಾಲ್ಡ್. ತಂದೆ ಸ್ಕಾಟ್ಲೆಂಡಿನವರು, ತಾಯಿ ಅಮೆರಿಕದ ಮೂಲನಿವಾಸಿ ಚಿನೂಕ್ ಜನಾಂಗದವರು. ದೇಶದ ಬಾಗಿಲು ಹೊರಗಿನವರಿಗೆ ಮುಚ್ಚಿದ್ದ 1848ರಲ್ಲಿ ಉತ್ತರದ ಒಂದು ದ್ವೀಪಕ್ಕೆ ಬಂದಿಳಿದು ಸೆರೆಯಾದರು. ನಾಗಾಸಾಕಿಯ ಬಂಧನದಲ್ಲಿದ್ದುಕೊಂಡೇ 14 ಮಂದಿ ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದರು. ಅವರಲ್ಲೊಬ್ಬರಾದ ಮೊರಿಯಾಮಾ ಎಯ್ನೊಸುಕೆ ಮುಂದೆ ಜಪಾನಿನ ಬಾಗಿಲು ತೆರೆಸಲು ಬಂದ ಅಮೆರಿಕದ ಕಮೊಡೋರ್ ಪೆರಿಯ ನೌಕಾಪಡೆಯೊಂದಿಗಿನ ಮಾತುಕತೆಯಲ್ಲಿ ದುಭಾಷಿಯಾಗಿದ್ದರು. ಆಮೇಲೆ 1890ರಲ್ಲಿ ಬಂದ ಲೇಖಕ ಲಫ್ಕಾಡಿಯೊ ಹರ್ನ್ ಮಾತ್ಸುಎ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದರು, ಜಪಾನಿ ಪೌರತ್ವ ಪಡೆದು ಕೊಯಿಜುಮಿ ಯಾಕುಮೊ ಆದರು, ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಬೋಧಿಸಿದರು. 1903ರಲ್ಲಿ ಅಲ್ಲಿನ ಅವರ ಕೆಲಸ ಕೊನೆಗೊಂಡಿತು. ಅವರ ಜಾಗಕ್ಕೆ ಬಂದವರಲ್ಲಿ ಮುಂದೆ ಕಾದಂಬರಿಕಾರರಾಗಿ ಹೆಸರಾದ ನತ್ಸುಮೆ ಸೊಸೆಕಿ ಒಬ್ಬರು. ನೆಲಕ್ಕೆ ಅಷ್ಟೊಂದು ಒಗ್ಗಿಹೋದ ಹರ್ನ್‌ಗೂ ಆ ಕೆಲಸ ಕಾಯಂ ಆಗಿ ದಕ್ಕಲಿಲ್ಲ ಎಂಬುದು ಮುಂದಿನ ಕಥೆ ಓದುವಾಗ ಮತ್ತೆ ಮತ್ತೆ ನೆನಪಾಗುತ್ತದೆ.

ಎಂಬತ್ತರ ದಶಕದ ಜಪಾನ್ ಬೇರೆಯೇ ಲೋಕ. ಯೆನ್ ಏರುತ್ತಿತ್ತು, ಅಮೆರಿಕದ ಜೊತೆ ವ್ಯಾಪಾರದ ತಿಕ್ಕಾಟ ಜೋರಾಗಿತ್ತು. ಜಪಾನ್ ತನ್ನ ಮಾರುಕಟ್ಟೆಯನ್ನೂ ಮನಸ್ಸನ್ನೂ ತೆರೆಯುತ್ತಿಲ್ಲ ಎಂಬ ದೂರಿಗೆ ಪ್ರಧಾನಿ ನಕಸೊನೆ ಅವರ ಸರ್ಕಾರ ಕೊಟ್ಟ ಉತ್ತರಗಳಲ್ಲಿ ಜೆಟ್ ಒಂದು. ಹಾಗಾಗಿ ಹುಟ್ಟುವಾಗಲೇ ಅದಕ್ಕೆ ಎರಡು ಕೆಲಸಗಳಿದ್ದವು: ಮಕ್ಕಳಿಗೆ ಇಂಗ್ಲಿಷ್ ಕೇಳಿಸುವುದು, ಹೊರದೇಶದ ಯುವಜನರಲ್ಲಿ ಜಪಾನಿನ ಬಗ್ಗೆ ಪ್ರೀತಿ ಹುಟ್ಟಿಸುವುದು. ಎರಡನೆಯದು ನಿಜವಾಗಿಯೂ ಕೈಗೂಡಿತು. ಅಲ್ಲಿಂದ ಮರಳಿದವರು ವಿದ್ವಾಂಸರಾದರು, ಅನುವಾದಕರಾದರು, ರಾಜತಾಂತ್ರಿಕರಾದರು. ಮೊದಲನೆಯದರ ವಿಷಯ ಅಷ್ಟು ಸಲೀಸಾಗಿಲ್ಲ.

ಜೆಟ್ ಸಿಗದವರಿಗೂ ಆ ಕಾಲದಲ್ಲಿ ದಾರಿ ತೆರೆದಿತ್ತು. ಪ್ರವಾಸಿಯಾಗಿ ಇಳಿದು, ವಿದೇಶಿಯರಿಗೆಂದೇ ಇದ್ದ ಅಗ್ಗದ ತಂಗುಮನೆಯಲ್ಲಿ ಉಳಿದು, 'ದಿ ಜಪಾನ್ ಟೈಮ್ಸ್' ಪತ್ರಿಕೆಯ ಸೋಮವಾರದ ಸಂಚಿಕೆ ಹಿಡಿದು ಉದ್ಯೋಗದ ಜಾಹೀರಾತುಗಳಿಗೆ ಗುರುತು ಹಾಕುತ್ತಾ ಕೂರುತ್ತಿದ್ದರು. ಕೆಲಸ ಗೊತ್ತಾದರೆ ಪಕ್ಕದ ದಕ್ಷಿಣ ಕೊರಿಯಾಕ್ಕೆ ಹೋಗಿ ಕೆಲಸದ ವೀಸಾ ಹಾಕಿಸಿಕೊಂಡು ಬರುವುದು ವಾಡಿಕೆ. ತಿಂಗಳಿಗೆ ಎರಡೂವರೆ ಲಕ್ಷ ಯೆನ್ ಸಾಮಾನ್ಯ ಸಂಬಳ. ಪದವಿ ಇದ್ದರಾಯಿತು, ಪಾಠ ಹೇಳಿದ ಅನುಭವವನ್ನು ಹೆಚ್ಚಿನ ಕಡೆ ಕೇಳುತ್ತಿರಲಿಲ್ಲ. ಇವತ್ತಿನ ಭಾರತೀಯ ಪಾಸ್‌ಪೋರ್ಟಿಗೆ ಈ ದಾರಿ ಇಲ್ಲ. ಪ್ರವಾಸಕ್ಕೇ ಮೊದಲು ವೀಸಾ ಬೇಕು. ಆಸ್ಟ್ರೇಲಿಯಾದವರಿಗೆ 1980ರಿಂದಲೂ ಇರುವ, ತಿರುಗಾಡುತ್ತಲೇ ದುಡಿಯಬಹುದಾದ ವೀಸಾ ನಮಗಿಲ್ಲ. ನಮ್ಮವರು ಊರಿನಿಂದಲೇ ಕೆಲಸ ಗಟ್ಟಿಮಾಡಿಕೊಂಡು, ಉದ್ಯೋಗದಾತರು ಅಲ್ಲಿನ ವಲಸೆ ಇಲಾಖೆಯಿಂದ ಅರ್ಹತಾ ಪತ್ರ ತರಿಸಿಕೊಟ್ಟ ಮೇಲೆ ಹೊರಡಬೇಕು.

ಹೀಗೆ ಬಂದವರು ಸೇರುತ್ತಿದ್ದ ಖಾಸಗಿ ಸಂಭಾಷಣಾ ಶಾಲೆಗಳನ್ನು ಜಪಾನಿನಲ್ಲಿ ಏಕಾಯ್ವಾ ಎನ್ನುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು 1981ರಲ್ಲಿ ಒಸಾಕಾದಲ್ಲಿ ಶುರುವಾದ ನೋವಾ. ರೈಲು ನಿಲ್ದಾಣದ ಎದುರಿಗೇ ವಿದೇಶ ವ್ಯಾಸಂಗ ಎಂಬ ಅದರ ಘೋಷಣೆ ಮನೆಮಾತಾಗಿತ್ತು. ಮೂರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು, ಸುಮಾರು ನಾಲ್ಕು ಸಾವಿರ ವಿದೇಶಿ ಶಿಕ್ಷಕರು. ನೂರಾರು ಪಾಠಗಳ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವುದು ಅದರ ಕ್ರಮ, ಬಿಟ್ಟುಹೋದವರಿಗೆ ಹಣ ಮರಳಿಸುವಾಗ ಲೆಕ್ಕ ಬದಲಿಸುವುದು ಅದರ ರೋಗ. 2007ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಲೆಕ್ಕ ಕಾನೂನುಬಾಹಿರ ಎಂದಿತು. ಜೂನ್‌ನಲ್ಲಿ ಸರ್ಕಾರ ದೀರ್ಘಾವಧಿಯ ಹೊಸ ಕರಾರುಗಳಿಗೆ ಆರು ತಿಂಗಳ ತಡೆ ಹಾಕಿತು. ಅಕ್ಟೋಬರ್‌ನಲ್ಲಿ ಸಂಸ್ಥೆ ನ್ಯಾಯಾಲಯದ ರಕ್ಷಣೆ ಬೇಡಿ ಬಾಗಿಲು ಮುಚ್ಚಿತು.

ಆ ಶರತ್ಕಾಲವನ್ನು ಈ ಕಸುಬಿನ ಇತಿಹಾಸ ಮರೆಯಬಾರದು. ಸಂಬಳ ತಿಂಗಳುಗಟ್ಟಲೆ ಬಾಕಿ. ಮನೆ ಬಾಡಿಗೆಯನ್ನು ಸಂಬಳದಲ್ಲೇ ಹಿಡಿದುಕೊಂಡಿದ್ದ ಸಂಸ್ಥೆ ಅದನ್ನು ಮನೆ ಮಾಲೀಕರಿಗೆ ಕಟ್ಟದೇ ಇದ್ದುದರಿಂದ ಎಷ್ಟೋ ಮಂದಿಗೆ ಮನೆ ಬಿಡಿ ಎಂಬ ನೋಟಿಸು ಬಂತು. ಕಾರ್ಮಿಕ ಸಂಘದವರು ಊಟಕ್ಕೆ ಬದಲಾಗಿ ಪಾಠ ಹೇಳಿಕೊಡುವ ಏರ್ಪಾಟು ಮಾಡಿದರು. ಹಳೆಯ ವಿದ್ಯಾರ್ಥಿಗಳು, ತಮ್ಮದೇ ಮುಂಗಡ ಹಣ ಮುಳುಗಿಹೋಗಿದ್ದರೂ, ಮೇಷ್ಟ್ರುಗಳನ್ನು ಮನೆಗೆ ಕರೆದು ಉಣಬಡಿಸಿದರು. ಕೆಲಸ, ಮನೆ, ವೀಸಾ ಮೂರೂ ಒಬ್ಬನೇ ಧಣಿಯ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದು ಆಗ ಬಯಲಾಯಿತು. 2010ರಲ್ಲಿ ಜಿಯೋಸ್ ಎಂಬ ಮತ್ತೊಂದು ದೊಡ್ಡ ಸಂಸ್ಥೆಯೂ ಕುಸಿಯಿತು. ನೋವಾ ಬಿದ್ದ ಅದೇ 2007ರಲ್ಲಿ, ಫಿಲಿಪ್ಪೀನ್ಸಿನ ಶಿಕ್ಷಕರಿಂದ ಕಂಪ್ಯೂಟರ್ ಮೂಲಕ ಪಾಠ ಹೇಳಿಸುವ ರೇರ್‌ಜಾಬ್ ಕಂಪನಿ ಹುಟ್ಟಿತು. ಏಕಾಯ್ವಾದ ಹಳೆಯ ಭವ್ಯ ದಿನಗಳು ಮರಳಲಿಲ್ಲ.

ಇದಕ್ಕಿಂತ ಆಳದ ಬದಲಾವಣೆ ಸರ್ಕಾರಿ ಶಾಲೆಗಳಲ್ಲಾಯಿತು, ಮತ್ತು ಅದು ಸದ್ದಿಲ್ಲದೆ ಆಯಿತು. ಜೆಟ್ ಮೂಲಕ ಬಂದ ಸಹಾಯಕ ಭಾಷಾ ಶಿಕ್ಷಕರಿಗೆ, ಅಂದರೆ ಎಎಲ್‌ಟಿಗಳಿಗೆ, ಸಂಬಳ ಕೊಡುವ ಹೊಣೆ ಸ್ಥಳೀಯ ಆಡಳಿತದ್ದು. ಖರ್ಚು ತಗ್ಗಿಸಲು ಹಲವು ಊರುಗಳ ಶಿಕ್ಷಣ ಮಂಡಳಿಗಳು ಈ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ಹೊರಗುತ್ತಿಗೆ ಕೊಟ್ಟವು. ಕರ್ನಾಟಕದ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಬದುಕನ್ನು ಹತ್ತಿರದಿಂದ ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಗುತ್ತಿಗೆ, ಪ್ರತಿ ವಸಂತದಲ್ಲೂ ನವೀಕರಣದ ಆತಂಕ, ರಜೆಯ ತಿಂಗಳುಗಳಲ್ಲಿ ಕಡಿತಗೊಂಡ ಸಂಬಳ. ಮೂವತ್ತು ಗಂಟೆ ದಾಟಿದರೆ ಆರೋಗ್ಯ ವಿಮೆ, ಪಿಂಚಣಿಗೆ ಪಾಲು ಕಟ್ಟಬೇಕಾಗುತ್ತದೆಂದು ಕರಾರಿನಲ್ಲಿ ವಾರಕ್ಕೆ 29.5 ಗಂಟೆ ಎಂದು ಬರೆಯುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ವಿಮೆಯ ಮಿತಿಯನ್ನು ವಾರಕ್ಕೆ 20 ಗಂಟೆಗೆ ಇಳಿಸುವ ನಿಯಮ 2016ರಲ್ಲಿ ದೊಡ್ಡ ಕಂಪನಿಗಳಿಂದ ಶುರುವಾಗಿ, 2024ರ ಅಕ್ಟೋಬರ್‌ನಲ್ಲಿ 51 ನೌಕರರಿರುವ ಸಂಸ್ಥೆಗಳವರೆಗೆ ಬಂದ ಮೇಲೆ ಆ ಕಳ್ಳದಾರಿ ಬಹುಮಟ್ಟಿಗೆ ಮುಚ್ಚಿದೆ.

ಹೊರಗುತ್ತಿಗೆಯ ನಿಜವಾದ ಪೆಟ್ಟು ಬಿದ್ದಿದ್ದು ಪಾಠದ ಮೇಲೆ. ಎಎಲ್‌ಟಿ ಏಜೆನ್ಸಿಯ ನೌಕರನಾಗಿದ್ದು ಶಾಲೆಗೆ ಕೇವಲ 'ಸೇವೆ' ಒದಗಿಸುವ ಕರಾರಿದ್ದರೆ, ಶಾಲೆಯವರು ಅವನಿಗೆ ನೇರವಾಗಿ ಕೆಲಸ ಹೇಳುವಂತಿಲ್ಲ. ಹೇಳಿದರೆ ಕಾರ್ಮಿಕ ಕಾನೂನಿನ ಉಲ್ಲಂಘನೆ. ತರಗತಿಯಲ್ಲಿ ಪಕ್ಕದಲ್ಲೇ ನಿಂತಿರುವ ಜಪಾನಿ ಶಿಕ್ಷಕಿ 'ಈ ಮಗುವಿಗೆ ಇನ್ನೊಮ್ಮೆ ಹೇಳಿಕೊಡಿ' ಎನ್ನುವುದಕ್ಕೂ ಕಾನೂನು ಅಡ್ಡ ಬರುತ್ತದೆ. ಇಬ್ಬರೂ ಕೂಡಿ ಪಾಠ ಮಾಡಬೇಕೆಂಬುದು ಜೆಟ್‌ನ ಮೂಲ ಕನಸು. ಆ ಕನಸಿನ ಬೇರನ್ನೇ ಕತ್ತರಿಸಿದ ವ್ಯವಸ್ಥೆ ಇದು, ಇದರಿಂದ ಉಳಿದ ಹಣ ಎಷ್ಟೇ ಇರಲಿ, ಮಕ್ಕಳು ಕಳೆದುಕೊಂಡಿದ್ದು ಹೆಚ್ಚು.

ಪರಿಣಾಮ ಕಣ್ಣೆದುರಿಗಿದೆ. 2011ರಲ್ಲಿ ಐದು, ಆರನೇ ತರಗತಿಗೆ ಚಟುವಟಿಕೆಯಾಗಿ ಬಂದ ಇಂಗ್ಲಿಷ್ 2020ರಿಂದ ಅಲ್ಲಿ ಅಧಿಕೃತ ಪಠ್ಯವಿಷಯ. ಚಟುವಟಿಕೆ ಮೂರನೇ ತರಗತಿಗೆ ಇಳಿದಿದೆ. ವಿಶ್ವವಿದ್ಯಾಲಯ ಪ್ರವೇಶಕ್ಕೆ ಖಾಸಗಿ ಸಂಸ್ಥೆಗಳ ಇಂಗ್ಲಿಷ್ ಪರೀಕ್ಷೆ ಬಳಸುವ ಯೋಜನೆ 2019ರಲ್ಲಿ ಮುಂದಕ್ಕೆ ಹೋಗಿ 2021ರಲ್ಲಿ ಕೈಬಿಟ್ಟುಹೋಯಿತು. ಟೋಕಿಯೊ ಮಾತ್ರ ಪ್ರೌಢಶಾಲಾ ಪ್ರವೇಶಕ್ಕೆ ಮಾತನಾಡುವ ಪರೀಕ್ಷೆಯನ್ನು 2022ರಿಂದ ನಡೆಸುತ್ತಿದೆ. ಇಷ್ಟೆಲ್ಲ ಆದರೂ ಇಎಫ್ ಎಂಬ ಭಾಷಾ ಶಿಕ್ಷಣ ಸಂಸ್ಥೆಯ 2024ರ ಇಂಗ್ಲಿಷ್ ಸೂಚ್ಯಂಕದಲ್ಲಿ ಜಪಾನಿಗೆ ಸಿಕ್ಕಿದ್ದು 92ನೇ ಸ್ಥಾನ. ಸ್ವಯಂಪ್ರೇರಿತರಾಗಿ ಪರೀಕ್ಷೆ ಬರೆದವರನ್ನಷ್ಟೇ ಅಳೆಯುವ ಆ ಪಟ್ಟಿಯನ್ನು ಪೂರ್ತಿ ನಂಬಬೇಕಿಲ್ಲ. ಆದರೂ ಅಲ್ಲಿನ ಶಿಕ್ಷಣ ಸಚಿವಾಲಯದ ಅಧಿಕಾರಿಗಳ ನಿದ್ದೆ ಕೆಡಿಸಲು ಅಷ್ಟು ಸಾಕು. ವ್ಯಾಕರಣ ಬಿಡಿಸಿ ಅನುವಾದ ಮಾಡಿಸುವ, ಪ್ರವೇಶ ಪರೀಕ್ಷೆಗೇ ದುಡಿಸುವ ಹಳೆಯ ಪಾಠಕ್ರಮ ಇದ್ದಲ್ಲೇ ಇತ್ತು. ವಾರಕ್ಕೊಮ್ಮೆ ಬಂದು ಉಚ್ಚಾರ ಹೇಳಿಸಿ ಹೋಗುವ ಯುವಕನಿಂದ ಅದು ಬದಲಾಗುವಂತಿರಲಿಲ್ಲ. ಆ ಯುವಕನಿಗೆ ಅಂಕ ಕೊಡುವ ಅಧಿಕಾರವಿರಲಿಲ್ಲ, ಪಠ್ಯಕ್ರಮದ ಸಭೆಯಲ್ಲಿ ಕುರ್ಚಿಯಿರಲಿಲ್ಲ. ಜೆಟ್‌ನಲ್ಲಿ ಗರಿಷ್ಠ ಐದು ವರ್ಷ. ಕೆಲಸ ಕೈಹಿಡಿಯುವ ಹೊತ್ತಿಗೆ ಹೊರಡುವ ಸಮಯ.

ಹಾಗೆಂದು ಆ ಯುವಜನರ ಬಾಂಧವ್ಯವನ್ನು ಲೆಕ್ಕದಿಂದ ಬಿಡುವಂತಿಲ್ಲ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಇಷಿನೊಮಾಕಿ ಮತ್ತು ರಿಕುಝೆಂತಕಾತಾದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಅಮೆರಿಕನ್ ಎಎಲ್‌ಟಿಗಳು ತೀರಿಕೊಂಡರು. ಇಷಿನೊಮಾಕಿಯಲ್ಲಿದ್ದವರ ಹೆತ್ತವರು ಮಗಳ ಹೆಸರಿನಲ್ಲಿ ಆ ಊರಿನ ಶಾಲೆಗಳಿಗೆ ಪುಸ್ತಕ ಭಂಡಾರಗಳನ್ನು ಕೊಟ್ಟರು. ಕೋವಿಡ್ ಬಂದಾಗ ಗಡಿ ಮುಚ್ಚಿ ಆಯ್ಕೆಯಾದವರು ತಿಂಗಳುಗಟ್ಟಲೆ ಊರಲ್ಲೇ ಕಾದರು, ಕಾಯುವ ಚೈತನ್ಯ ಕಳೆದುಕೊಂಡವರು ಬೇರೆ ದಾರಿ ಹಿಡಿದರು.

ಇನ್ನು ದುಡ್ಡಿನ ಮಾತು. 2012ರಲ್ಲಿ ಜೆಟ್‌ನ ಮೊದಲ ವರ್ಷದ ಸಂಬಳವನ್ನು 36 ಲಕ್ಷ ಯೆನ್‌ನಿಂದ 33.6 ಲಕ್ಷಕ್ಕೆ ಇಳಿಸಲಾಗಿತ್ತು. 2025ರಲ್ಲಿ ಅದು 40.2 ಲಕ್ಷಕ್ಕೆ ಏರಿತು. ಕೇಳಲು ಚೆನ್ನಾಗಿದೆ. ಆದರೆ 2024ರಲ್ಲಿ ಡಾಲರಿಗೆ ಯೆನ್ ಬೆಲೆ 160 ಮುಟ್ಟಿತ್ತು; ಊರಿಗೆ ಹಣ ಕಳಿಸುವವರಿಗೆ, ವಿದ್ಯಾಸಾಲ ತೀರಿಸುವವರಿಗೆ ಈ ಏರಿಕೆ ಅಷ್ಟಾಗಿ ಕಾಣದು. ಏಜೆನ್ಸಿಗಳು ಕೊಡುವುದು ಇದಕ್ಕಿಂತ ಕಡಿಮೆ. ಹೋದ ಕೂಡಲೇ ಮನೆ ಹಿಡಿಯಲು ಮುಂಗಡ, ಮನೆ ಮಾಲೀಕರಿಗೆ ಮರಳಿ ಬಾರದ ಕಾಣಿಕೆ, ಜಾಮೀನು ಕಂಪನಿಯ ಶುಲ್ಕ ಎಲ್ಲ ಸೇರಿ ಹಲವು ತಿಂಗಳ ಬಾಡಿಗೆಯಷ್ಟು ಹಣ ಬೇಕು. ಮೊದಲ ಸಂಬಳ ಎಷ್ಟೋ ಕಡೆ ಮುಂದಿನ ತಿಂಗಳ ಕೊನೆಗೆ ಬರುತ್ತದೆ. ಸಾಲ ಮಾಡಿ ಹೊರಡುವವರು ಈ ಮೊದಲ ಎರಡು ತಿಂಗಳ ಖರ್ಚನ್ನು ಊರಲ್ಲೇ ಕೂತು ಲೆಕ್ಕ ಹಾಕಬೇಕು.

ಭಾರತೀಯರ ಪಾಲಿಗೆ ಬಾಗಿಲು ಮೊದಲಿಗಿಂತ ಅಗಲವಾಗಿದೆ ಎಂಬುದು ಸತ್ಯ. ಜಪಾನಿನಲ್ಲಿರುವ ಭಾರತೀಯರು ಈಗ 50 ಸಾವಿರ ದಾಟಿದ್ದಾರೆ. ಟೋಕಿಯೊದ ನಿಶಿ ಕಸಾಯ್‌ನಲ್ಲಿ ಐಟಿ ಕುಟುಂಬಗಳದ್ದೇ ಬಡಾವಣೆ ಇದೆ. ಅಲ್ಲಿನ ಭಾರತೀಯ ಶಾಲೆಗಳಿಗೆ ಜಪಾನಿ ತಂದೆತಾಯಿಯರೂ ಮಕ್ಕಳನ್ನು ಕಳಿಸಿದ್ದಾರೆ. ಇಂಜಿನಿಯರ್ ಗಂಡನ ಜೊತೆ ಹೋದ ಬಿ.ಎಡ್. ಓದಿದ ಹೆಂಡತಿ, ಅವಲಂಬಿತರ ವೀಸಾದಲ್ಲೇ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. 2025ರ ಆಗಸ್ಟ್‌ನಲ್ಲಿ ಎರಡೂ ಸರ್ಕಾರಗಳು ಐದು ವರ್ಷದಲ್ಲಿ ಐದು ಲಕ್ಷ ಜನರ ವಿನಿಮಯದ ಗುರಿ ಹಾಕಿಕೊಂಡಿವೆ.

ಆದರೆ ಶಾಲೆಗಳಲ್ಲಿ ಎಎಲ್‌ಟಿ ಆಗಲು ಬೇಕಾದ ವೀಸಾದ ಒಂದು ಷರತ್ತು ನಮ್ಮ ರಾಜ್ಯದವರನ್ನು ಎರಡು ಪಾಲು ಮಾಡುತ್ತದೆ. ಇಂಗ್ಲಿಷ್ ಕಲಿಸುವವರು ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ಒಂದನೇ ತರಗತಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಸಲೀಸಾಗಿ ದಾಟುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿ, ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ಪಳಗಿದವರಿಗೆ ಒಂಬತ್ತು ವರ್ಷ ಲೆಕ್ಕಕ್ಕೆ ಬಂದೀತು, ಹನ್ನೆರಡು ಆಗದು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಬೆವರು ಸುರಿಸಿ ಕಲಿತವರಿಗೆ ಜಪಾನಿ ಮಗು ಎಲ್ಲಿ ಎಡವುತ್ತದೆ ಎಂಬುದು ಹೆಚ್ಚು ಚೆನ್ನಾಗಿ ಗೊತ್ತಿರುತ್ತದೆ. ಅಂಥವರನ್ನೇ ಹೊರಗಿಡುವ ಈ ನಿಯಮ ತಪ್ಪು, ಅದನ್ನು ನಮ್ಮ ವಿದೇಶಾಂಗ ಇಲಾಖೆ ಮಾತುಕತೆಯಲ್ಲಿ ಎತ್ತಬೇಕು. ಸಂಭಾಷಣಾ ಶಾಲೆಗಳ ವೀಸಾಕ್ಕೆ ಪದವಿ ಸಾಕು. ಅಲ್ಲಿ ಎದುರಾಗುವುದು ತಾಯ್ನುಡಿಯವರೇ ಬೇಕು ಎಂಬ ಜಾಹೀರಾತು. ಮೆಕ್‌ಡೊನಾಲ್ಡರ ಚರ್ಮದ ಬಣ್ಣ ನೋಡದೆ ಆ 14 ಮಂದಿ ದುಭಾಷಿಗಳು ಕಲಿತರು. ಅದಾಗಿ ಒಂದೂಮುಕ್ಕಾಲು ಶತಮಾನ ಕಳೆದರೂ ಎಷ್ಟೋ ಜಾಹೀರಾತುಗಳು ಇನ್ನೂ ಮುಖ ನೋಡುತ್ತಿವೆ. ಫಿಲಿಪ್ಪೀನ್ಸಿನ ಶಿಕ್ಷಕರು ತರಗತಿಗಳಲ್ಲಿ ಹೆಚ್ಚುತ್ತಿರುವುದು ಈ ಗೋಡೆಯನ್ನು ಸ್ವಲ್ಪ ಸ್ವಲ್ಪವೇ ಕೆಡವುತ್ತಿದೆ.

ಹುಟ್ಟುವ ಮಕ್ಕಳ ಸಂಖ್ಯೆ 2024ರಲ್ಲಿ ಏಳು ಲಕ್ಷಕ್ಕಿಂತ ಕೆಳಗಿಳಿದ ದೇಶ ಅದು. ಶಾಲೆಗಳು ಮುಚ್ಚುತ್ತಿವೆ, ಶಿಕ್ಷಕರ ಕೊರತೆಯೂ ಇದೆ. ಜಪಾನಿನಲ್ಲಿ ತರಬೇತಿ ಪಡೆಯದವರಿಗೂ ಪೂರ್ಣ ಪ್ರಮಾಣದ ಶಿಕ್ಷಕರಾಗಲು 'ವಿಶೇಷ ಪರವಾನಗಿ' ಕೊಡುವ ಅಧಿಕಾರ ಅಲ್ಲಿನ ಪ್ರಾಂತ್ಯಗಳ ಶಿಕ್ಷಣ ಮಂಡಳಿಗಳಿಗೆ 1988ರ ತಿದ್ದುಪಡಿಯಿಂದಲೂ ಇದೆ. ಜೆಟ್‌ನ ಬೆನ್ನಲ್ಲೇ ಬಂದ ಕಾನೂನು ಅದು. ಹತ್ತು ವರ್ಷ ಸಹಾಯಕರಾಗಿ ದುಡಿದು, ಜಪಾನಿ ಕಲಿತು, ಮಕ್ಕಳ ಮನಸ್ಸು ಗೆದ್ದವರಿಗೆ ಆ ಪರವಾನಗಿಯನ್ನು ಧಾರಾಳವಾಗಿ ಕೊಡುವುದು ಪ್ರಾಂತ್ಯಗಳ ಕೈಯಲ್ಲಿದೆ. ನಮ್ಮಿಂದ ಹೊರಡುವವರು ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಇಷ್ಟು: ನನ್ನನ್ನು ನೇಮಿಸುವವರು ಶಿಕ್ಷಣ ಮಂಡಳಿಯೋ ಏಜೆನ್ಸಿಯೋ, ಆಗಸ್ಟ್ ತಿಂಗಳ ಸಂಬಳ ಪೂರ್ತಿ ಬರುತ್ತದೆಯೇ, ಆರೋಗ್ಯ ವಿಮೆ ಮತ್ತು ಪಿಂಚಣಿಗೆ ನಿಮ್ಮ ಪಾಲು ಕಟ್ಟುತ್ತೀರಾ, ಮತ್ತು ಈ ಊರಿನಲ್ಲಿ ವಿಶೇಷ ಪರವಾನಗಿ ಪಡೆದ ಎಎಲ್‌ಟಿ ಯಾರಾದರೂ ಇದ್ದಾರೆಯೇ.