ಹೊಸಪೇಟೆಯ ಸಮಾವೇಶ, ಹಂಪಿಯ ಹೊತ್ತು

ಸಮಾಜದ ಸಮಾವೇಶವನ್ನು ಹೊಸಪೇಟೆಯಲ್ಲಿ ಏರ್ಪಡಿಸುವ ಬಂಧುಗಳು ಪ್ರಸಾದ, ವಸತಿ, ವೇದಿಕೆಗಳ ಬಗೆಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಸುಮಾರು ೧೩ ಕಿ.ಮೀ. ದೂರದ ಹಂಪಿಗೆ ಮಾತ್ರ ಪ್ರಸಾದಾನಂತರದ ಬಿಡುವನ್ನು ಎತ್ತಿಡುತ್ತಾರೆ. ನಾವೂ ಒಮ್ಮೆ ಹಾಗೆಯೇ ಮಾಡಿದೆವು. ಏಪ್ರಿಲ್ ತಿಂಗಳು, ಕಾದ ಬಂಡೆಗಳ ಮೇಲೆ ಕಾಲಿಡಲಾರದೆ ಹಿರಿಯರನೇಕರು ಬಸ್ಸಿನಲ್ಲಿಯೇ ಉಳಿದರು. ಹಂಪಿಗಾಗಿಯೇ ಬಂದಿದ್ದ ವೃದ್ಧ ತಾಯಿಯೊಬ್ಬರು ಕಿಟಕಿಯಿಂದಲೇ ವಿರೂಪಾಕ್ಷನ ಗೋಪುರಕ್ಕೆ ಕೈಮುಗಿದರು. ಮತ್ತೆ ಬರುವಷ್ಟು ಆಯುಷ್ಯ ಅವರಿಗೆ ಉಳಿದಿರಲಿಲ್ಲ.

ಹಂಪಿ ನಮಗೆ ಬರಿಯ ಪ್ರೇಕ್ಷಣೀಯ ಸ್ಥಳವೇ? ಹರಿಹರ ಕವಿ ಬಾಳಿದ ಊರದು. ೧೫ನೆಯ ಶತಮಾನದಲ್ಲಿ ಪ್ರೌಢದೇವರಾಯನ ದಂಡನಾಯಕ ಲಕ್ಕಣ್ಣ ‘ಶಿವತತ್ತ್ವ ಚಿಂತಾಮಣಿ’ಯನ್ನು ರಚಿಸಿದನು, ಚಾಮರಸನ ‘ಪ್ರಭುಲಿಂಗಲೀಲೆ’ಯೂ ಆ ಅರಸನ ಕಾಲದ್ದೇ. ಇದನ್ನರಿತ ಒಬ್ಬರನ್ನಾದರೂ ಜೊತೆಗೆ ಕರೆದೊಯ್ಯಬೇಕು.

ಸಂರಕ್ಷಿತ ಸ್ಮಾರಕದೊಳಗೆ ಪೂರ್ವಾನುಮತಿಯಿಲ್ಲದೆ ಸಭೆ ನಡೆಸುವಂತಿಲ್ಲ. ಆದುದರಿಂದ ಭಾಷಣಗಳು ಹೊಸಪೇಟೆಯಲ್ಲಿಯೇ ಆಗಲಿ (ಅವು ತುಸು ಕಡಿಮೆಯಾದರೂ ಯಾರೂ ನೊಂದುಕೊಳ್ಳರು!). ಮೊದಲ ದಿನದ ನಸುಕಿಗೇ ಹೇಮಕೂಟ, ವಿರೂಪಾಕ್ಷ. ಬಿಸಿಲೇರುವ ಮುನ್ನ ವಿಠ್ಠಲ ದೇವಾಲಯ. ಅಲ್ಲಿಯವರೆಗೆ ಬಸ್ಸು ಹೋಗದು. ಬ್ಯಾಟರಿ ಗಾಡಿಯ ಸರದಿಗೂ ಸಮಯವಿಟ್ಟುಕೊಳ್ಳಬೇಕು. ಕುಮಾರರಾಮನ ಕಂಪ್ಲಿ, ಕುಮಾರಸ್ವಾಮಿಯ ಸಂಡೂರುಗಳನ್ನು ಅದೇ ದಿನಕ್ಕೆ ತುರುಕುವುದು ಬೇಡ. ಉಳಿಯಬಲ್ಲವರಿಗೆ ಮರುದಿನವಿದೆ.