ತೆಫೆ: ನೀರಿನ ಲೆಕ್ಕದಲ್ಲಿ ಬಾಳುವ ಊರು

ಬ್ರೆಜಿಲ್ ದೇಶದ ಅಮೆಜಾನಾಸ್ ರಾಜ್ಯದಲ್ಲಿ, ದಟ್ಟವಾದ ಮಳೆಕಾಡಿನ ನಡುವೆ, ತೆಫೆ ಎಂಬ ಪಟ್ಟಣವಿದೆ. ಅದೇ ಹೆಸರಿನ ನದಿಯೊಂದು ಸರೋವರವಾಗಿ ಹರಡಿ ಅಮೆಜಾನ್ ಮಹಾನದಿಯನ್ನು ಕೂಡುವೆಡೆಯಲ್ಲಿ ಅದು ನೆಲೆಸಿದೆ. ರಾಜಧಾನಿಯಾದ ಮನೌಸಿನಿಂದ ನೇರ ಗೆರೆ ಎಳೆದರೂ 500 ಕಿಲೋಮೀಟರಿಗೆ ಮಿಕ್ಕ ದೂರ. 2022ರ ಜನಗಣತಿಯಂತೆ ಅಲ್ಲಿಯ ಪುರಸಭೆಯ ವ್ಯಾಪ್ತಿಯಲ್ಲಿ 70 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಆದರೆ ಮನೌಸಿನಿಂದ ಅಲ್ಲಿಗೆ ರಸ್ತೆಯಿಲ್ಲ. ವಿಮಾನವನ್ನು ಬಿಟ್ಟರೆ ದೋಣಿಯೇ ಗತಿ.

ಅಲ್ಲಿಯ ಪಂಚಾಂಗವನ್ನು ಬರೆಯುವುದು ನದಿ. ಮೇ, ಜೂನ್ ತಿಂಗಳುಗಳಲ್ಲಿ ಏರುವ ನೀರು ಅಕ್ಟೋಬರಿನ ವೇಳೆಗೆ ಹತ್ತು ಹನ್ನೆರಡು ಮೀಟರಿನಷ್ಟು ಇಳಿಯುತ್ತದೆ. ತುಂಬುಹೊಳೆಯ ಕಾಲದಲ್ಲಿ ತಗ್ಗಿನ ಕಾಡೆಲ್ಲ ಮುಳುಗಿ, ಮೀನುಗಳು ಮರಗಳ ನಡುವೆ ಈಜಾಡುತ್ತ ಉದುರಿದ ಹಣ್ಣುಗಳನ್ನು ತಿನ್ನುತ್ತವೆ. ಹೊಳೆಯಂಚಿನ ಮನೆಗಳು ಕಂಬಗಳ ಮೇಲೆ ನಿಂತಿವೆ. ಕೆಲವಂತೂ ದಿಮ್ಮಿಗಳ ಮೇಲೆ ಕುಳಿತು ನೀರಿನೊಡನೆ ತಾವೂ ಏರಿ ಇಳಿಯುತ್ತವೆ. ನೀರು ಸರಿದ ಮೇಲೆ ಮೆಕ್ಕಲುಮಣ್ಣಿನಲ್ಲಿ ಜನ ಮರಗೆಣಸು, ಮೆಕ್ಕೆಜೋಳಗಳನ್ನು ಬೆಳೆದುಕೊಳ್ಳುತ್ತಾರೆ.

ಈ ಊರನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವನು ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷಿನವನು. 1848ರಲ್ಲಿ ಅಮೆಜಾನಿಗೆ ಬಂದ ಆತನು ಅಲ್ಲಿ ಕಳೆದ ಹನ್ನೊಂದು ವರ್ಷಗಳಲ್ಲಿ ಸುಮಾರು ನಾಲ್ಕೂವರೆ ವರ್ಷಗಳನ್ನು ಈ ಊರಿನಲ್ಲೇ ಕಳೆದನು. ಆಗ ಇದರ ಹೆಸರು ಎಗ. ಇದರ ಸುತ್ತಲಿನ ಕಾಡಿನಲ್ಲೇ 550 ಬಗೆಯ ಚಿಟ್ಟೆಗಳನ್ನು ಕಂಡುದಾಗಿ ಆತನು ಬರೆದಿದ್ದಾನೆ. ವಿಷವಿಲ್ಲದ ಚಿಟ್ಟೆ ವಿಷದ ಚಿಟ್ಟೆಯ ವೇಷ ತೊಟ್ಟು ಹಕ್ಕಿಗಳಿಂದ ಪಾರಾಗುವ ಸೋಜಿಗವನ್ನು 1862ರಲ್ಲಿ ವಿವರಿಸಿದವನೂ ಆತನೇ.

ಆತನ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿದ್ದಿತು. ಪ್ರತಿ ಮನೆಯ ಹಿತ್ತಿಲಿನಲ್ಲೂ ಒಂದು ಪುಟ್ಟ ಕೊಳ. ಅದರಲ್ಲಿ ಊಟಕ್ಕೆಂದು ಕೂಡಿಟ್ಟ ಆಮೆಗಳು. ಎಣ್ಣೆ ತೆಗೆಯಲು ಮೇಲಣ ಅಮೆಜಾನ್ ಮತ್ತು ಮದೈರಾ ನದಿಗಳ ಮರಳ ದಂಡೆಗಳಲ್ಲಿ ವರ್ಷಕ್ಕೆ ನಾಲ್ಕು ಕೋಟಿ ಎಂಬತ್ತು ಲಕ್ಷ ಆಮೆಯ ಮೊಟ್ಟೆಗಳು ನಾಶವಾಗುತ್ತಿದ್ದವೆಂದು ಆತನು ಲೆಕ್ಕ ಹಾಕಿದನು. ನದಿ ಎಷ್ಟು ಕೊಟ್ಟರೂ ಮುಗಿಯದೆಂಬ ನಂಬಿಕೆಯ ಕಾಲವದು.

ಆಮೆಗಳ ತರುವಾಯ ಪಿರರುಕುವಿನ ಸರದಿ ಬಂದಿತು. ಮೂರು ಮೀಟರಿನವರೆಗೂ ಬೆಳೆಯುವ ಈ ದೈತ್ಯ ಮೀನು ಬಲೆಗೂ ಭರ್ಜಿಗೂ ಸಿಕ್ಕಿ ಎಷ್ಟು ಕ್ಷೀಣಿಸಿತೆಂದರೆ, 1996ರಲ್ಲಿ ರಾಜ್ಯದಲ್ಲಿ ಅದನ್ನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಅದೇ ವರ್ಷ, ತೆಫೆಗೆ ಸಮೀಪದ ಮಮಿರೌವಾ ಪ್ರದೇಶದಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಮೀರಿದ ಮುಳುಗುಕಾಡು ಹೊಸ ಬಗೆಯ ರಕ್ಷಿತಾರಣ್ಯವಾಯಿತು. ವಾನರಗಳನ್ನು ಅಭ್ಯಸಿಸಲೆಂದು ಬಂದಿದ್ದ ಜೋಸೆ ಮಾರ್ಸಿಯೊ ಐರೆಸ್ ಎಂಬ ವಿಜ್ಞಾನಿ ಅದರ ಪ್ರೇರಕ ಶಕ್ತಿ. ಕಾಡನ್ನು ಕಾಯಬೇಕಾದರೆ ಕಾಡಿನ ಜನರನ್ನು ಹೊರಗಟ್ಟಬೇಕಿಲ್ಲ, ಅವರೇ ಕಾವಲುಗಾರರಾಗಲಿ ಎಂಬುದು ಅದರ ತತ್ತ್ವ.

ಪಿರರುಕು ಉಸಿರಾಡಲು ಹತ್ತಿಪ್ಪತ್ತು ನಿಮಿಷಗಳಿಗೊಮ್ಮೆ ಮೇಲೆ ಬರಲೇಬೇಕು. ನುರಿತ ಬೆಸ್ತರು ಆ ಕ್ಷಣದ ಸಪ್ಪಳದಿಂದಲೇ, ನೀರಿನ ಅಲುಗಿನಿಂದಲೇ ಮೀನುಗಳನ್ನು ಎಣಿಸಬಲ್ಲರು. ವಿಜ್ಞಾನಿಗಳು ಪರೀಕ್ಷಿಸಿದಾಗ ಈ ಎಣಿಕೆ ಅವರ ಗಣಿತಕ್ಕೆ ಬಹುಪಾಲು ಸರಿಹೊಂದಿತು. 1999ರಿಂದ ಹೊಸ ಪದ್ಧತಿ ಜಾರಿಗೆ ಬಂದಿತು: ಮೊದಲು ಎಣಿಸಬೇಕು, ಎಣಿಸಿದ ದೊಡ್ಡ ಮೀನುಗಳಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಹಿಡಿಯಕೂಡದು. ಮೀನು ಹಲವು ಪಟ್ಟು ಹೆಚ್ಚಿತು. ಬೆಸ್ತರ ಬಾಳೂ ಹಸನಾಯಿತು.

ಹೀಗೆ ಊರು ವಿವೇಕ ಕಲಿತ ಮೇಲೆ ವಿಪತ್ತು ಬೇರೆ ದಿಕ್ಕಿನಿಂದ ಬಂದಿತು. 2023ರ ಸೆಪ್ಟೆಂಬರಿನಲ್ಲಿ ಬರ ಬಿದ್ದು ಸರೋವರ ಬತ್ತತೊಡಗಿತು. ಉಳಿದ ನೀರಿನ ಉಷ್ಣ 39 ಡಿಗ್ರಿಯನ್ನು ದಾಟಿತು. ಹಬ್ಬದ ರಾತ್ರಿಗಳಲ್ಲಿ ಬಿಳಿಯುಡುಪಿನ ಸುಂದರ ಯುವಕನಾಗಿ ಬರುತ್ತದೆಂದು ಅಮೆಜಾನಿನ ಜನಪದರು ಹೇಳುವ ನಸುಗೆಂಪು ಡಾಲ್ಫಿನ್‌ಗಳೂ, ಅವುಗಳ ಕಿರಿಯ ಬಂಧುಗಳೂ ಕೆಲವೇ ವಾರಗಳಲ್ಲಿ 150ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸತ್ತು ತೇಲಿದವು. ದೋಣಿಗಳು ಕೆಸರಿನಲ್ಲಿ ಕೂತವು. ಹಳ್ಳಿಗಳಿಗೆ ಸಂಪರ್ಕ ಕಡಿಯಿತು. ಈ ಬರಕ್ಕೆ ಮನುಷ್ಯಕೃತ ತಾಪವೃದ್ಧಿಯೇ ಮುಖ್ಯ ಕಾರಣವೆಂದು 2024ರ ಜನವರಿಯಲ್ಲಿ ವಿಜ್ಞಾನಿಗಳು ತಿಳಿಸಿದರು. ಆ ವರ್ಷವೂ ಬರ ಮರುಕಳಿಸಿ, ಅಕ್ಟೋಬರಿನಲ್ಲಿ ಮನೌಸಿನ ಬಂದರಿನ ನೀರು 1902ರಿಂದ ಅಳೆದ ದಾಖಲೆಯಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು.

ಮೀನಿನ ಲೆಕ್ಕ ತೆಫೆಯ ಬೆಸ್ತರ ಕೈಯಲ್ಲಿತ್ತು. ಅದನ್ನು ಅವರು ಪ್ರಾಮಾಣಿಕವಾಗಿ ಇಟ್ಟರು. ಬಿಸಿಯ ಲೆಕ್ಕ ಅವರದಲ್ಲ. ಆ ಸಾಲವನ್ನು ಮಾಡಿದವರಲ್ಲಿ ಬಹುಮಂದಿ ತೆಫೆಯ ಹೆಸರನ್ನೂ ಕೇಳಿದವರಲ್ಲ. ತೆರುತ್ತಿರುವವರು ಮಾತ್ರ ದಿಮ್ಮಿಯ ಮೇಲೆ ಮನೆ ಕಟ್ಟಿಕೊಂಡು ನೀರನ್ನೇ ನಂಬಿದವರು.