ವಿಡಿಯೊ ಆಟಕ್ಕೆ ಅಳತೆ ಯಾವುದು?

ಆನೇಮಹಲಿನ ಬೆಟ್ಟಗಳಲ್ಲಿ ಆಷಾಢದ ಜಡಿಮಳೆ ಹಿಡಿದರೆ ಮಕ್ಕಳು ಬಯಲಿಗೆ ಇಳಿಯುವಂತಿಲ್ಲ. ಮೊಬೈಲಿನ ಆಟವೇ ಗತಿ. ಅದೇ ದಿನಗಳಲ್ಲಿ ಮನಸ್ಸೂ ಮಂಕಾಗುವುದುಂಟು. ಮಂಕಿಗೆ ಆಟವೇ ಕಾರಣವೆಂದು ಹಿರಿಯರು ತೀರ್ಪು ಕೊಡುತ್ತಾರೆ. ಎರಡಕ್ಕೂ ಮಳೆಯೇ ಕಾರಣವಾಗಿರಬಾರದೇಕೆ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಅವು ಕಾರ್ಯಕಾರಣಗಳಾಗವು.

ಭೌತವಿಜ್ಞಾನದಂತೆ ಮನೋವಿಜ್ಞಾನದಲ್ಲಿಯೂ ಮೊದಲು ಬೇಕಾದುದು ನಂಬಲರ್ಹವಾದ ಅಳತೆ. ಎಷ್ಟು ಹೊತ್ತು ಆಡಿದಿರೆಂದು ಕೇಳಿದರೆ ನಾವೆಲ್ಲರೂ ಅಂದಾಜು ಹೇಳುವವರೇ. ಆದುದರಿಂದ ಆಕ್ಸ್‌ಫರ್ಡಿನ ಸಂಶೋಧಕರು ಏಳು ವಿಡಿಯೊ ಆಟಗಳ ಕಂಪನಿಗಳಲ್ಲಿ ದಾಖಲಾಗಿದ್ದ ಕಾಲವನ್ನೇ ಪಡೆದು, ಸುಮಾರು 39,000 ವಯಸ್ಕ ಆಟಗಾರರನ್ನು ಪರಿಶೀಲಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಡಿದ ಕಾಲವು ನೆಮ್ಮದಿಯನ್ನು ಹೆಚ್ಚಿಸಲೂ ಇಲ್ಲ, ಕುಗ್ಗಿಸಲೂ ಇಲ್ಲವೆಂದೇ ಹೇಳಬಹುದು. ಸ್ವಸಂತೋಷದಿಂದ ಆಡಿದವರ ನೆಮ್ಮದಿ ಹೆಚ್ಚು. ಒತ್ತಡಕ್ಕೆ ಸಿಕ್ಕಿ ಆಡಿದವರದು ಕಡಿಮೆ. ಮಕ್ಕಳಿಗೂ ಇದು ಅನ್ವಯಿಸುವುದೆನ್ನಲು ಬೇರೆ ಪರೀಕ್ಷೆ ಬೇಕು.

ಹಾಗೆಂದು ಅಪಾಯವಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಆಟದ ಗೀಳೂ ಸೇರಿದೆ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳ ಕಾಲ ಕಂಡುಬಂದಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಹಿರಿಯರು ಗಡಿಯಾರ ನೋಡಿ ಗದರುವ ಬದಲು, ಮಕ್ಕಳ ನಿದ್ರೆ, ಪಾಠ, ಗೆಳೆತನಗಳು ನೆಟ್ಟಗಿವೆಯೇ ಎಂದು ವಿಚಾರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು: ವಾರಕಾಲ, ಮೊದಲೇ ಗೊತ್ತುಮಾಡಿದ ಹೊತ್ತಿಗೆ ಆಟವನ್ನು ನಿಲ್ಲಿಸಿ, ಫಲವನ್ನು ಬರೆದಿಡಿರಿ. ನಿಲ್ಲಿಸಲಾಗದ ದಿನಗಳೇ ಹೆಚ್ಚಾದರೆ ಸಂಕೋಚಪಡದೆ ಹಿರಿಯರಿಗೆ ತಿಳಿಸಿರಿ.